ಬ್ರಹ್ಮಕಮಲದ ಬುಡ

ಬಾಡಿದ ಗಿಡವನ್ನು ಕಂಡೊಡನೆ ನೀರೆರೆಯಬೇಕೆಂಬ ಬುದ್ಧಿಯು ಮನುಷ್ಯರಿಗೆ ಯಾರೂ ಹೇಳಿಕೊಡದೆಯೇ ಬಂದಿರುವುದು. ಎಷ್ಟೋ ಗಿಡಗಳು ಇದರಿಂದ ಬದುಕಿಯೂ ಇವೆ. ಆದರೆ ಕಳ್ಳಿ, ಲೋಳೆಸರ, ಕಾಡುಬಸಳೆ ಮೊದಲಾದ, ಮೈಯೊಳಗೇ ನೀರನ್ನು ಕೂಡಿಟ್ಟುಕೊಳ್ಳುವ ಜಾತಿಯ ಸಸ್ಯಗಳ ವಿಷಯದಲ್ಲಿ ಈ ದಯೆಯೇ ಮೃತ್ಯುವಾಗಿ ಪರಿಣಮಿಸುವುದುಂಟು. ತೀರ್ಥಹಳ್ಳಿಯ ಕಡೆಯ ಒಂದು ಅಡಕೆತೋಟದ ಮನೆಯಲ್ಲಿ 2024ರ ಮಳೆಗಾಲದಲ್ಲಿ ನಡೆದ ಸಂಗತಿಯು ಇಂಥದು.

ಆ ಮನೆಯ ಅಜ್ಜಿಗೆ ಆಗ 80 ವರ್ಷ ವಯಸ್ಸು. 1962ರಲ್ಲಿ ಮದುವೆಯಾಗಿ ಆ ಮನೆಗೆ ಬರುವಾಗ ಅವರ ತಾಯಿ ತವರಿನ ಅಂಗಳದಲ್ಲಿದ್ದ ಬ್ರಹ್ಮಕಮಲದ ಒಂದು ಎಲೆಯನ್ನು ಮುರಿದು, ಅಡಕೆಯ ಹಾಳೆಯಲ್ಲಿ ಸುತ್ತಿ, ಮಡಿಲಕ್ಕಿಯ ಜೊತೆಯಲ್ಲಿಟ್ಟು ಕಳುಹಿಸಿದ್ದರು. ಆ ಎಲೆಯೇ ಬೇರೂರಿ, ಕವಲೊಡೆದು, ಜಗಲಿಯ ಕಂಬಕ್ಕೆ ಒರಗಿ ಸೂರನ್ನು ಮುಟ್ಟುವಷ್ಟು ಬೆಳೆದಿತ್ತು. ಮನೆಮನೆಗಳಲ್ಲಿ ಈ ಹೆಸರಿನಿಂದ ಬೆಳೆಯುವ ಗಿಡವು ಹಿಮಾಲಯದ ಬ್ರಹ್ಮಕಮಲವಲ್ಲವೆಂಬುದನ್ನು ಬಲ್ಲವರು ಬಲ್ಲರು. ಇದು ಮೆಕ್ಸಿಕೋ, ಗ್ವಾಟೆಮಾಲ ಮೊದಲಾದ ದೇಶಗಳ ಕಾಡುಗಳಲ್ಲಿ ಮರದ ಕವಲುಗಳ ಮೇಲೆ, ತರಗೆಲೆಯ ಪುಡಿಯಲ್ಲಿ ಬೇರುಬಿಟ್ಟು ಬಾಳುವ ಒಂದು ಕಳ್ಳಿ, ಪಾಪಾಸುಕಳ್ಳಿಯ ದಾಯಾದಿ. ಎಲ್ಲರೂ ಎಲೆಯೆನ್ನುವುದು ವಸ್ತುತಃ ಚಪ್ಪಟೆಯಾದ ಕಾಂಡ. ಮೊಮ್ಮಗನು ಇದನ್ನೆಲ್ಲ ಓದಿ ಹೇಳಿದಾಗ ಅಜ್ಜಿ, "ಹೆಸರು ಯಾವುದಾದರೇನಪ್ಪ, ಅದು ಅರಳುವ ರಾತ್ರಿ ನೆರೆಮನೆಯವರೆಲ್ಲ ನಿದ್ದೆಗೆಟ್ಟು ಬರುತ್ತಾರಲ್ಲ, ಅಷ್ಟು ಸಾಕು" ಎಂದಿದ್ದರು.

ಯಜಮಾನರು 2019ರಲ್ಲಿ ತೀರಿಕೊಂಡ ತರುವಾಯ, ದೇವರ ಅಭಿಷೇಕದ ನೀರನ್ನು ಯಾರೂ ತುಳಿಯದ ಸ್ಥಳವೆಂದು ಅಜ್ಜಿ ದಿನವೂ ಆ ಕುಂಡಕ್ಕೇ ತಂದು ಹೊಯ್ಯುವ ರೂಢಿಯಾಯಿತು. ಬೇಸಗೆಯಲ್ಲಿ ಇದರಿಂದ ಬಾಧಕವಿರಲಿಲ್ಲ. ಮಲೆನಾಡಿನ ಆಷಾಢದಲ್ಲಿ ಗಾಳಿಯೇ ಒದ್ದೆಯಾಗಿರುವಾಗ, ಸೂರಿನ ನೀರು ಬೇರೆ ಸಿಡಿಯುತ್ತಿರುವಾಗ, ಕುಂಡದ ತಳದ ರಂಧ್ರವು ಬೇರು ಮಣ್ಣುಗಳಿಂದ ಮುಚ್ಚಿಹೋಗಿರುವಾಗ, ಅದೇ ಒಂದು ತಂಬಿಗೆ ತೀರ್ಥವು ಬುಡದಲ್ಲಿ ಕೆಸರಾಗಿ ನಿಂತಿತು. ಎಲೆಗಳು ಬಿಳಿಚಿದುವು, ಸುಕ್ಕುಗಟ್ಟಿ ಜೋತುಬಿದ್ದುವು. "ಅತ್ತೆ, ಗಿಡ ಸೊರಗಿದೆ, ನೀರು ಸಾಲದೋ ಏನೋ" ಎಂದು ಸೊಸೆ ಹೇಳಲಾಗಿ ಒಂದು ತಂಬಿಗೆಯು ಎರಡಾಯಿತು.

ಈ ರೋಗದ ಮೋಸವೆಲ್ಲ ಇಲ್ಲಿರುವುದು. ಬೇರು ಕೊಳೆತ ಮೇಲೆ ಗಿಡವು ನೀರಿನಲ್ಲಿ ನಿಂತಿದ್ದರೂ ಅದನ್ನು ಹೀರಲಾರದು. ಆದುದರಿಂದ ಬಾಯಾರಿದ ಗಿಡವೂ ಕೊಳೆತ ಗಿಡವೂ ಮೇಲಿನಿಂದ ಒಂದೇ ತೆರನಾಗಿ ಕಾಣುವುವು. ಭೇದವನ್ನು ಅರಿಯಬೇಕಾದರೆ ಮಣ್ಣಿಗೆ ಬೆರಳಿಡಬೇಕು, ಬುಡವನ್ನು ಹಿಸುಕಿ ನೋಡಬೇಕು. ಹದಿನೈದು ದಿನಗಳ ತರುವಾಯ ಸೊಸೆ ಹಾಗೆ ಹಿಸುಕಿದಾಗ ಸಿಪ್ಪೆಯು ಅತಿಯಾಗಿ ಕಳಿತ ಬಾಳೆಹಣ್ಣಿನದರಂತೆ ಜಾರಿತು. ಒಳಗಿನ ತಿರುಳು ಕಂದುಬಣ್ಣಕ್ಕೆ ತಿರುಗಿತ್ತು.

ಮಗನು ತೋಟಗಾರ. ಕೊಳೆಯೆಂದೊಡನೆ ಅವನಿಗೆ ತೋಚಿದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಕೊನೆಗಳಿಗೆ ಹೊಡೆಯಲು ಸಿದ್ಧಮಾಡಿದ್ದರಲ್ಲಿ ಒಂದು ಚೆಂಬನ್ನು ತಂದು ಗಿಡಕ್ಕೆಲ್ಲ ಎರಚಿದನು. ಇದನ್ನು ಅವಿವೇಕವೆನ್ನುವಂತಿಲ್ಲ. ಅಡಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್‌ಮನ್ನರು ಪರಿಶೋಧಿಸಿ 1910ರಲ್ಲಿ ವಿವರಿಸಿದರಷ್ಟೆ. ಅದನ್ನುಂಟುಮಾಡುವುದು ಫೈಟಾಫ್ತೊರ ಎಂಬ ಕುಲದ ಜೀವಿ. ಆ ಹೆಸರಿಗೆ ಗ್ರೀಕಿನಲ್ಲಿ ಸಸ್ಯನಾಶಕವೆಂದು ಅರ್ಥ. ಅದೇ ಕುಲದ ಇನ್ನೊಂದನ್ನು ಲೆಬರ್ಟ್, ಕೋನ್ ಎಂಬ ಜರ್ಮನ್ ವಿದ್ವಾಂಸರು 1870ರಲ್ಲಿ ಮೊದಲು ಕಂಡದ್ದು ಕೊಳೆಯುತ್ತಿದ್ದ ಕಳ್ಳಿಗಿಡಗಳಲ್ಲಿಯೇ. ಅದರ ಹೆಸರಿನಲ್ಲಿ ಕಳ್ಳಿಯು ಇಂದಿಗೂ ಸೇರಿಕೊಂಡಿದೆ. ಬಹುಕಾಲ ಬೂಷ್ಟುಗಳ ವರ್ಗದಲ್ಲಿ ಎಣಿಸುತ್ತಿದ್ದ ಈ ಕುಲವನ್ನು ಈಗಿನ ಶಾಸ್ತ್ರಜ್ಞರು ಬೇರೆಯಾಗಿಟ್ಟು, ಕಡಲಪಾಚಿಗಳ ಹತ್ತಿರದ ಬಂಧುವೆಂದು ಹೇಳುವರು. ನೀರಿನಲ್ಲಿ ಈಜಬಲ್ಲ ಬೀಜಕಣಗಳು ಅದಕ್ಕುಂಟು. ನಿಂತ ನೀರೇ ಅದರ ರಾಜಮಾರ್ಗ. ಆ ಕುಂಡದಲ್ಲಿದ್ದುದು ಅದೋ, ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರಬಲ್ಲ ಫ್ಯುಸೇರಿಯಮ್ ಎಂಬ ನಿಜವಾದ ಶಿಲೀಂಧ್ರವೋ, ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವರಿಲ್ಲ. ನೋಡಿದ್ದರೂ ಚಿಕಿತ್ಸೆ ಒಂದೇ. ಬೋರ್ಡೋ ದ್ರಾವಣದ ತಾಮ್ರವು ತೊಗಲಿನ ಮೇಲೆ ಕಾವಲಿರುವುದು, ಹೊರಗಿನಿಂದ ಬರುವ ಕಣವು ಮೊಳೆಯದಂತೆ ಮಾಡುವುದು. ಒಳಹೊಕ್ಕು ತಿರುಳನ್ನು ತಿನ್ನುತ್ತಿರುವುದನ್ನು ಅದು ಮುಟ್ಟಲಾರದು. ಗಿಡವು ನೀಲಿಯ ಲೇಪವನ್ನು ಹೊದ್ದುಕೊಂಡು, ಕೊಳೆಯುತ್ತಲೇ ಹೋಯಿತು.

ಉಳಿದ ಉಪಾಯವು ಕತ್ತಿ. ಇದನ್ನು ಮಗನೂ ಸೊಸೆಯೂ ಬಲ್ಲವರೇ. ಆದರೆ ಅಜ್ಜಿಯೆದುರಿಗೆ ಬಾಯಿಬಿಡುವ ಧೈರ್ಯವಾಗಲಿಲ್ಲ. ಆ ಸಮಯಕ್ಕೆ ಅಜ್ಜಿಯ ಅಣ್ಣ, ಸಂಸ್ಕೃತ ಪಂಡಿತರು, ನಾಲ್ಕು ದಿನ ಇರಲು ಬಂದರು. ಅವರು ಬುಡವನ್ನು ನೋಡಿ, ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯವನ್ನು ನೆನಪಿಗೆ ತಂದುಕೊಂಡರು. ಎಲೆ ಬಿಳಿಚುವುದು, ಚಿಗುರು ಏಳದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂದು ರೋಗಲಕ್ಷಣಗಳನ್ನು ಹೇಳಿ, ಚಿಕಿತ್ಸೆಯಲ್ಲಿ ಮೊಟ್ಟಮೊದಲು ಶಸ್ತ್ರದಿಂದ ಶೋಧನ ಮಾಡಬೇಕೆಂದು ವರಾಹಮಿಹಿರನು ವಿಧಿಸಿರುವನು.

"ಶಸ್ತ್ರವೆಂದರೆ ಕೊಯ್ಯುವುದೇ ಅಣ್ಣಯ್ಯ?"

"ಕೊಯ್ಯುವುದೇ ತಂಗಿ. ಬುಡ ಪೂರ್ತಿ ಹೋಗಿದೆ. ಮೇಲಿನದನ್ನು ಉಳಿಸಿಕೊಳ್ಳಬಹುದು."

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. "ಬುಡವೇ ಹೋದ ಮೇಲೆ ಅಮ್ಮ ಕೊಟ್ಟ ಗಿಡ ಉಳಿದಂತಾಯಿತೆ?"

"ಅಮ್ಮ ನಿನಗೆ ಬುಡವನ್ನು ಎಲ್ಲಿ ಕೊಟ್ಟಿದ್ದಳು? ಒಂದು ಎಲೆ ತಾನೆ ಮುರಿದು ಕೊಟ್ಟದ್ದು?"

ಅಜ್ಜಿ ಎದ್ದು ಹೋಗಿ ಕತ್ತಿಯನ್ನು ತಾವೇ ತಂದುಕೊಟ್ಟರು.

ಕೊಯ್ದವಳು ಸೊಸೆ. ಒಂದೊಂದು ಸಲ ಕೊಯ್ದಾಗಲೂ ಅಲಗನ್ನು ಸ್ಪಿರಿಟ್ಟಿನಿಂದ ಒರಸುತ್ತಿದ್ದಳು. ಇಲ್ಲದಿದ್ದರೆ ರೋಗವನ್ನು ಕತ್ತಿಯೇ ಮುಂದಿನ ಎಲೆಗೆ ಒಯ್ಯುವುದು. ಕೊಯ್ದ ಮುಖದಲ್ಲಿ ಕಂದು ಚುಕ್ಕೆ ಕಂಡಷ್ಟು ಸಲವೂ ಇನ್ನೂ ನಾಲ್ಕು ಬೆರಳು ಮೇಲಕ್ಕೆ ಹೋಗಬೇಕಾಯಿತು. ಹೊರಗೆ ಹಚ್ಚಗಿದ್ದ ಎಷ್ಟೋ ಕವಲುಗಳ ನಡುನರದಲ್ಲಿ ಕೆಂಪು ಹರಿದಿತ್ತು. ಅವನ್ನು ಬಿಡಲು ಮನಸ್ಸು ಬಾರದೆ ಒಂದೆರಡು ಸಲ ಕೈ ತಡೆಯಿತು. ಸೂರಿನವರೆಗೆ ಬೆಳೆದಿದ್ದ ಗಿಡದಲ್ಲಿ ಕೊನೆಗೆ ಶುದ್ಧವಾಗಿ ಉಳಿದುದು ಮೂರೇ ತುಂಡು. ಮಿಕ್ಕುದನ್ನೂ ಬೇರನ್ನೂ ಗೊಬ್ಬರದ ಗುಂಡಿಗೆ ಹಾಕದೆ ಬಚ್ಚಲೊಲೆಗೆ ಹಾಕಿದರು. ಕುಂಡದ ಮಣ್ಣನ್ನು ತೋಟದಿಂದ ದೂರ ಚೆಲ್ಲಿದರು.

ವರಾಹಮಿಹಿರನ ವಿಧಿಯ ಉತ್ತರಾರ್ಧದಲ್ಲಿ ವಾಯುವಿಳಂಗ ತುಪ್ಪಗಳನ್ನು ಕೆಸರಿನೊಡನೆ ಬೆರಸಿ ಲೇಪಿಸಿ ಹಾಲುನೀರನ್ನು ಎರೆಯಬೇಕೆಂದಿದೆ. ಪಂಡಿತರು ಅದನ್ನೂ ಹೇಳಿದರು. ಹೇಳಿ, "ಇದು ಮಾವು ಹಲಸುಗಳ ಮಾತು, ಕಳ್ಳಿಗೆ ಹಾಲೆರೆದರೆ ಬೂಷ್ಟಿಗೆ ಔತಣವಾದೀತು" ಎಂದು ತಾವೇ ಬದಿಗಿಟ್ಟರು. ಗಾಯಕ್ಕೆ ಗಂಧಕದ ಪುಡಿಯನ್ನು ಸವರಿ, ತುಂಡುಗಳನ್ನು ಅಡುಗೆಮನೆಯ ಅಟ್ಟದ ಮೇಲೆ ಹತ್ತು ದಿನ ಹಾಗೆಯೇ ಮಲಗಿಸಿದರು. ಗಾಯವು ಒಣಗಿ ಹೆಕ್ಕಳೆಗಟ್ಟುವವರೆಗೆ ಮಣ್ಣು ಸೋಂಕಬಾರದು, ನೀರು ಸೋಂಕಬಾರದು. ಕತ್ತಿಯನ್ನು ತಂದುಕೊಟ್ಟ ಅಜ್ಜಿಗೆ ಈ ಹತ್ತು ದಿನಗಳೇ ಕಠಿನವಾದುವು. ಎರಡು ಸಲ ತಂಬಿಗೆ ಹಿಡಿದು ಅಟ್ಟದ ಏಣಿಯ ಬಳಿಗೆ ಹೋಗಿ ಹಿಂದಿರುಗಿದರಂತೆ. ಅನಂತರ ಮರಳು, ಇದ್ದಿಲ ಚೂರು, ಇಟ್ಟಿಗೆಯ ಕಡಿ, ಹಳೆಯ ತರಗೆಲೆ ಗೊಬ್ಬರ ಇವುಗಳನ್ನು ಸೇರಿಸಿ, ತಳದಲ್ಲಿ ಮೂರು ರಂಧ್ರಗಳಿದ್ದ ಹೊಸ ಕುಂಡಗಳಲ್ಲಿ ನೆಟ್ಟರು.

ಒಂದು ತುಂಡು ಮತ್ತೆ ಕಪ್ಪಾಗಿ ಹೋಯಿತು. ಎರಡು ಬೇರುಬಿಟ್ಟುವು. ತವರಿನ ಅಂಗಳದ ಮೂಲ ಗಿಡವು ಎಂದೋ ಸತ್ತುಹೋಗಿತ್ತೆಂದು ಪಂಡಿತರು ಮಾತಿನಲ್ಲಿ ಹೇಳಿದ್ದರು. 2025ರ ಬೇಸಗೆಯಲ್ಲಿ ಅವರು ಪುನಃ ಬಂದು ಹೊರಟಾಗ ಅಜ್ಜಿ ಎರಡರಲ್ಲಿ ಒಂದನ್ನು ಕುಂಡದಿಂದ ಬಿಡಿಸಿ, ಹಾಳೆಯಲ್ಲಿ ಸುತ್ತಿ, ಅಣ್ಣನ ಕೈಗಿಟ್ಟರು. ಇನ್ನೊಂದು ಜಗಲಿಯಲ್ಲಿ ಸೂರಿನ ನೀರು ಸಿಡಿಯದಷ್ಟು ಒಳಗಿದೆ. ತುಂಡಿನಿಂದ ಬಂದ ಗಿಡವು ಹೂಬಿಡಲು ಎರಡು ಮೂರು ವರ್ಷ ಬೇಕು. ಆ ವರ್ಷದ ಆಷಾಢದಲ್ಲಿ ಮೊಗ್ಗು ಬರಲಿಲ್ಲ. ಬೆಳಗ್ಗೆ ಪೂಜೆಯಾದ ಮೇಲೆ ಅಜ್ಜಿ ತೀರ್ಥದ ತಂಬಿಗೆಯೊಡನೆ ಬಂದು ಕುಂಡದೆದುರು ನಿಂತು, ಮಣ್ಣಿಗೆ ಬೆರಳಿಟ್ಟು ನೋಡಿ, ಸೆರಗಿಗೆ ಕೈಯೊರಸಿಕೊಂಡು, ತಂಬಿಗೆಯನ್ನು ತೆಂಗಿನ ಬುಡಕ್ಕೆ ಒಯ್ಯುತ್ತಾರೆ.