ನನ್ನ ಬೆರಳಿನ ಅಪರಾಧ

ಮನೆಯಲ್ಲಿ ಒಂದು ವಸ್ತು ಕಾಣೆಯಾದರೆ ಅದನ್ನು ಯಾರು ತೆಗೆದರೆಂಬ ಪ್ರಶ್ನೆಯೇ ನಮ್ಮ ಮನಸ್ಸಿನಲ್ಲಿ ಮೊದಲು ಏಳುತ್ತದೆ. ನಾನೇ ಎಲ್ಲಿ ಇಟ್ಟೆನೆಂಬ ಪ್ರಶ್ನೆ ಬಹಳ ತಡವಾಗಿ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. 34 ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಈ ಮಾತನ್ನು ತರಗತಿಯಲ್ಲಿ ಅನೇಕ ಸಲ ಆಡಿದ್ದುಂಟು. ಅದರ ಅರ್ಥ ನನಗೆ ತಿಳಿದದ್ದು ಮಾತ್ರ 72ನೆಯ ವಯಸ್ಸಿನಲ್ಲಿ, ಒಂದು ಲ್ಯಾಪ್‌ಟಾಪಿನ ಮುಂದೆ ಕುಳಿತಾಗ. ಪ್ರಸಂಗ ಸಣ್ಣದು. ಆದರೂ ನನ್ನ ವಯಸ್ಸಿನ ವಾಚಕರಲ್ಲಿ ಅನೇಕರು ಈಗ ಈ ಯಂತ್ರವನ್ನು ಬಳಸುತ್ತಿರುವುದರಿಂದ, ಅವರಿಗೆ ಉಪಯೋಗವಾದೀತೆಂದು ನಾಚಿಕೆಯನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ನಿವೃತ್ತನಾದ ಮೇಲೆ ನಾನು ಕೈಗೆತ್ತಿಕೊಂಡ ಕೆಲಸವೆಂದರೆ ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಕೂಡಿಹಾಕುವುದು. ನಮ್ಮ ತಂದೆಯವರು ರೈತರು. ಕೂರಿಗೆ, ಕುಂಟೆ, ಮೇಟಿ, ಹಂತಿ, ಕಣ, ರಾಶಿ ಎಂಬ ಮಾತುಗಳ ನಡುವೆಯೇ ನಾನು ಬೆಳೆದವನು. ಟ್ರ್ಯಾಕ್ಟರು ಬಂದಿತು, ಎತ್ತುಗಳು ಹೋದವು. ಎತ್ತುಗಳ ಹಿಂದೆಯೇ ಈ ಮಾತುಗಳೂ ಹೊರಟು ನಿಂತಿವೆ. ಹಳ್ಳಿಯ ಹಿರಿಯರ ಬಳಿ ಕುಳಿತು, ಅವರು ಹೇಳಿದ್ದನ್ನು ಕೇಳಿ, ಮೂರು ವರ್ಷಗಳಲ್ಲಿ 1,800ಕ್ಕೂ ಹೆಚ್ಚು ಮಾತುಗಳನ್ನು ಅರ್ಥಸಹಿತವಾಗಿ ಬರೆದಿಟ್ಟೆನು. ಮೊದಲು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಮಗ ಲ್ಯಾಪ್‌ಟಾಪ್ ತಂದುಕೊಟ್ಟ ಮೇಲೆ ನೇರವಾಗಿ ಅದರಲ್ಲಿಯೇ ಬರೆಯತೊಡಗಿದೆನು. ಆದುದರಿಂದ ಕೊನೆಯ ವರ್ಷದ ಮಾತುಗಳಿಗೆ ಕೈಬರಹದ ಪ್ರತಿಯೇ ಇರಲಿಲ್ಲ. ಆ ಮಾತುಗಳನ್ನು ಹೇಳಿದ ಹಿರಿಯರಲ್ಲಿ ನಾಲ್ವರು ಈಗ ಬದುಕಿಲ್ಲ.

ಸಂಜೆಯ ಹೊತ್ತು ಅದೇ ಯಂತ್ರವನ್ನು ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನೂ ಶಾಲೆಯ ಕೆಲಸಕ್ಕೆ ಬಳಸುತ್ತಿದ್ದನು. ಒಂದು ಮುಂಜಾನೆ ನಾನು ಯಂತ್ರವನ್ನು ತೆರೆದು ನೋಡುತ್ತೇನೆ, ಪದಕೋಶದ ಫೋಲ್ಡರ್ ಇದ್ದ ಜಾಗದಲ್ಲಿ ಇಲ್ಲ! ಎದೆ ಝಲ್ಲೆಂದಿತು. ಅಳಿಸಿಹೋದ ಕಡತಗಳು ಬಂದು ಬೀಳುವ ಕಸದ ಬುಟ್ಟಿಯನ್ನು ನೋಡಿದೆನು, ಅದು ಬರಿದಾಗಿತ್ತು. ಬುಟ್ಟಿ ಬರಿದಾಗಿದ್ದರೆ ಏನೂ ಅಳಿದಿಲ್ಲದಿರಬಹುದೆಂದು ತಿಳಿಯುವ ಬದಲು, ಹುಡುಗನು ಅಳಿಸಿದ್ದಲ್ಲದೆ ಬುಟ್ಟಿಯನ್ನೂ ಬರಿದು ಮಾಡಿದನೆಂದು ನಾನು ನಿಶ್ಚಯಿಸಿದೆನು. ಕೋಪಕ್ಕೆ ತರ್ಕದ ಕೊರತೆ ಎಂದೂ ಬೀಳುವುದಿಲ್ಲ.

ಅವನನ್ನು ಕರೆದು ಎಲ್ಲರ ಮುಂದೆ ಗದರಿಸಿದೆನು. ಆಡಬಾರದ ಒಂದೆರಡು ಮಾತುಗಳನ್ನೂ ಆಡಿದೆನು. ಅವನು ಅಳಲಿಲ್ಲ. "ಅಜ್ಜಾ, ನಾ ಅಳಿಸಿಲ್ಲ. ಅದು ಎಲ್ಲೋ ಸರಿದಿರಬೇಕು, ಹುಡುಕಿ ನೋಡ್ಲೇನು?" ಎಂದಷ್ಟೇ ಕೇಳಿದನು. "ಇನ್ನು ಮೇಲೆ ಇದನ್ನು ಮುಟ್ಟಬೇಡ" ಎಂದೆನು. ಹನ್ನೊಂದು ದಿನ ಅವನು ಅದನ್ನು ಮುಟ್ಟಲಿಲ್ಲ. ನನ್ನ ಕೋಣೆಗೂ ಬರಲಿಲ್ಲ.

ಇಲ್ಲಿ ಹಿಂದಿನ ಒಂದು ಸಂಗತಿಯನ್ನು ಹೇಳಬೇಕು. ನನ್ನ ಬಲಗೈಯ ಬೆರಳುಗಳಿಗೆ ಕೆಲವು ವರ್ಷಗಳಿಂದ ಸಣ್ಣ ನಡುಕವಿದೆ. ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗೆ ಟಚ್‌ಪ್ಯಾಡ್ ಎಂಬ ನುಣುಪಾದ ಚೌಕವಿರುತ್ತದಷ್ಟೆ. ಅದು ನನ್ನೊಡನೆ ಮೊದಲಿನಿಂದಲೂ ಹೊಂದಿಕೊಳ್ಳಲಿಲ್ಲ. ಒಂದು ಸಾಲನ್ನು ಗುರುತಿಸಲು ಹೋದರೆ ಆ ಸಾಲೇ ಎದ್ದು ಬೇರೆ ಕಡೆ ಹೋಗಿ ಕೂಡುತ್ತಿತ್ತು. ಎಡಗುಂಡಿಯೆಂದು ಒತ್ತಿದರೆ ಬಲಗುಂಡಿಯ ಪಟ್ಟಿ ತೆರೆಯುತ್ತಿತ್ತು. ಏನನ್ನಾದರೂ ಎಳೆದುಕೊಂಡು ಹೋಗುವಾಗ ಅರ್ಧ ದಾರಿಯಲ್ಲಿ ಹಿಡಿತ ತಪ್ಪುತ್ತಿತ್ತು. ದುರಸ್ತಿಯ ಅಂಗಡಿಯೊಂದರಲ್ಲಿ ಕೇಳಿದಾಗ, ಪ್ಯಾಡನ್ನೇ ಬದಲಿಸಬೇಕೆಂದು ಹೇಳಿದರು. ಯಂತ್ರ ಕೆಟ್ಟಿದೆಯೆಂದು ಕೆಲವು ದಿನ, ನನಗೇ ವಯಸ್ಸಾಯಿತೆಂದು ಕೆಲವು ದಿನ ತಿಳಿದುಕೊಂಡು ಹೇಗೋ ಸಾಗಿಸುತ್ತಿದ್ದೆನು.

ಹನ್ನೊಂದನೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಕಂಪ್ಯೂಟರಿನ ಕೆಲಸದಲ್ಲಿಯೇ ಇರುವವನು. ನನ್ನ ದುಃಖವನ್ನೆಲ್ಲ ಕೇಳಿ, "ಯಂತ್ರವನ್ನು ಆಮೇಲೆ ನೋಡೋಣ ಸರ್. ನೀವು ದಿನಾಲೂ ಮಾಡುವ ಹಾಗೆಯೇ ಒಂದು ಫೋಲ್ಡರನ್ನು ತೆರೆದು ತೋರಿಸಿರಿ" ಎಂದನು. ನಾನು ಬಾಣದ ಗುರುತನ್ನು ಒಂದು ಫೋಲ್ಡರಿನ ಮೇಲೆ ತಂದು ಎರಡು ಸಲ ತಟ್ಟಿದೆನು. ಎರಡನೆಯ ಸಲ ಬೆರಳು ಅಲ್ಲಿಯೇ ಒಂದು ಕ್ಷಣ ನಿಂತು ನಡುಗಿತು. ಫೋಲ್ಡರ್ ತೆರೆಯಲಿಲ್ಲ. ಅದು ಮೆಲ್ಲನೆ ಜರುಗಿ, ಪಕ್ಕದಲ್ಲಿದ್ದ ಇನ್ನೊಂದು ಫೋಲ್ಡರಿನ ಮೇಲೆ ಹೋಗಿ, ನಮ್ಮ ಕಣ್ಣೆದುರಿನಲ್ಲಿಯೇ ಅದರೊಳಗೆ ಮಾಯವಾಯಿತು. ಯಂತ್ರವು ಏನನ್ನೂ ಕೇಳಲಿಲ್ಲ, ಏನನ್ನೂ ಹೇಳಲಿಲ್ಲ.

ಅವನು ನನ್ನ ಮುಖವನ್ನು ನೋಡದೆ ಹುಡುಕುವ ಪೆಟ್ಟಿಗೆಯಲ್ಲಿ ಪದಕೋಶದ ಹೆಸರನ್ನು ಬರೆದನು. ಮದುವೆಯ ಚಿತ್ರಗಳನ್ನಿಟ್ಟ ಫೋಲ್ಡರಿನ ಹೊಟ್ಟೆಯಲ್ಲಿ ನನ್ನ ಮೂರು ವರ್ಷಗಳ ದುಡಿಮೆ ಒಂದಕ್ಷರವೂ ಕೆಡದೆ ಕುಳಿತಿತ್ತು. ನನಗಾದ ಸಂತೋಷ ಅರ್ಧ ಗಳಿಗೆಯದು. ಅದರ ಹಿಂದೆಯೇ ಬಂದ ನಾಚಿಕೆ ಇಂದಿಗೂ ಪೂರ್ತಿ ಹೋಗಿಲ್ಲ.

ಆ ಮೇಲೆ ಅವನು ತಿಳಿಸಿಕೊಟ್ಟ ವಿಷಯವನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ವಸ್ತುವನ್ನು ಎಳೆಯುವುದು ಮೌಸಿಗಾಗಿ ಹುಟ್ಟಿದ ಪದ್ಧತಿ. ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ 1964ರಲ್ಲಿ ಬಿಲ್ ಇಂಗ್ಲಿಷ್ ಅವರು ಕ್ಯಾಲಿಫೋರ್ನಿಯಾದಲ್ಲಿ ಮರದ ಡಬ್ಬಿಯಂಥ ಮೊದಲ ಮೌಸನ್ನು ಮಾಡಿದರು. 1984ರಲ್ಲಿ ಬಂದ ಮ್ಯಾಕಿಂತೋಷ್ ಯಂತ್ರವು ಗುಂಡಿಯನ್ನು ಒತ್ತಿ ಹಿಡಿದು ಎಳೆಯುವ ರೂಢಿಯನ್ನು ಜನಸಾಮಾನ್ಯರಿಗೆ ಕಲಿಸಿತು. ಮೌಸಿನಲ್ಲಿ ಬೆರಳು ಗುಂಡಿಯನ್ನು ಒತ್ತುತ್ತದೆ, ತೋಳು ಅದನ್ನು ಸರಿಸುತ್ತದೆ. ಎರಡು ಕೆಲಸಕ್ಕೆ ಎರಡು ಅಂಗ. ಟಚ್‌ಪ್ಯಾಡಿನಲ್ಲಿ ಒತ್ತುವುದನ್ನೂ ಸರಿಸುವುದನ್ನೂ ಒಂದೇ ಬೆರಳು ಮಾಡಬೇಕಾಗುತ್ತದೆ. ತೊಡಕಿನ ಮೂಲವೇ ಇದು.

ಟಚ್‌ಪ್ಯಾಡಿನ ನುಣುಪಾದ ಮೈಯ ಕೆಳಗೆ ಸೂಕ್ಷ್ಮವಾದ ವಿದ್ಯುದ್ವಾಹಕ ಗೆರೆಗಳ ಜಾಲವಿರುತ್ತದೆ. ನಮ್ಮ ದೇಹವೂ ವಿದ್ಯುತ್ತನ್ನು ಹರಿಯಗೊಡುವಂಥದಾದುದರಿಂದ, ಬೆರಳು ಸಮೀಪಿಸಿದಲ್ಲಿ ಆ ಜಾಲದ ವಿದ್ಯುತ್‌ಸಂಗ್ರಹ ಕೊಂಚ ಬದಲಾಗುತ್ತದೆ. ಅದನ್ನು ಅಳೆದು ಯಂತ್ರವು ಬೆರಳಿನ ಸ್ಥಾನವನ್ನು ತಿಳಿಯುತ್ತದೆ. ಒಣಗಿದ ಪೆನ್ಸಿಲ್ಲಿನಿಂದ ಉಜ್ಜಿದರೆ ಅದಕ್ಕೆ ತಿಳಿಯುವುದಿಲ್ಲ. ಒದ್ದೆ ಬೆರಳಿಟ್ಟರೆ ಅದು ದಿಕ್ಕೆಡುತ್ತದೆ. 1994ರಲ್ಲಿ ಆಪಲ್ ಸಂಸ್ಥೆಯ ಪವರ್‌ಬುಕ್ 500 ಸಾಲಿನ ಯಂತ್ರಗಳಲ್ಲಿ ಇದು ಬಂದಾಗ, ಕೆಳಗೆ ಬೇರೆಯಾಗಿ ಗುಂಡಿಯಿತ್ತು. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಗುಂಡಿ ಕಾಣುವುದಿಲ್ಲ, ಪ್ಯಾಡೇ ಗುಂಡಿ. ನನ್ನ ಯಂತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ಗುಂಡಿಯಿದೆಯೆಂದು ನಾನು ನಂಬಿದ್ದೆ. ವಾಸ್ತವದಲ್ಲಿ ಅದರ ಕೆಳಗಿರುವುದು ಒಂದೇ ಗುಂಡಿ. ಒತ್ತುವಾಗ ಬೆರಳು ಎಲ್ಲಿದೆಯೆಂಬುದನ್ನು ನೋಡಿ, ಎಡವೋ ಬಲವೋ ಎಂದು ಯಂತ್ರ ತೀರ್ಮಾನಿಸುತ್ತದೆ. ನನ್ನ ಹೆಬ್ಬೆರಳು ಬಲಮೂಲೆಗೆ ಜಾರಿದಾಗಲೆಲ್ಲ ಆ ಪಟ್ಟಿ ತೆರೆಯುತ್ತಿದ್ದುದು ಇದರಿಂದಲೇ. ಈ ಬಗೆಯ ಅನೇಕ ಪ್ಯಾಡುಗಳು ಮೇಲಂಚಿನಲ್ಲಿ ತಿರುಗಣಿಗೆ ಸಿಕ್ಕಿಕೊಂಡಿರುವುದರಿಂದ, ಕೆಳಗಿನ ಅಂಚಿನಲ್ಲಿ ಹಗುರವಾಗಿ ಒತ್ತುತ್ತವೆ, ಮೇಲೆ ಒತ್ತಿದರೆ ಒಪ್ಪುವುದಿಲ್ಲ.

ಒಂದೇ ಬೆರಳಿನ ಕಷ್ಟವನ್ನು ಪರಿಹರಿಸಲೆಂದು ಯಂತ್ರ ಮಾಡಿದವರು ಒಂದು ಉಪಾಯವನ್ನಿಟ್ಟಿದ್ದಾರೆ. ಒಮ್ಮೆ ತಟ್ಟಿ, ಕೂಡಲೇ ಮತ್ತೆ ಬೆರಳಿಟ್ಟು ಸರಿಸಿದರೆ ಅದನ್ನು ಎಳೆತವೆಂದು ತಿಳಿಯಬೇಕು. ಎರಡು ಸಲ ತಟ್ಟಿ ಬೆರಳೆತ್ತಿದರೆ ತೆರೆಯಬೇಕು. ಇವೆರಡರ ನಡುವಿನ ಅಂತರ ಒಂದು ರೆಪ್ಪೆ ಬಡಿಯುವಷ್ಟು. ತರುಣರ ಬೆರಳಿಗೆ ಅದು ಸಾಕು. ನಡುಗುವ ಬೆರಳಿಗೆ ಸಾಲದು. ರೈತನು ನೇಗಿಲನ್ನು ಊರಿ ಸಾಲು ಹೊಡೆಯುತ್ತಾನೆ, ಸಾಲು ಮುಗಿದಾಗ ಎತ್ತಿ ತಿರುಗಿಸುತ್ತಾನೆ. ನೇಗಿಲು ಊರಿದೆಯೆಂಬ ಅರಿವೇ ಇಲ್ಲದೆ ಎತ್ತುಗಳನ್ನು ಹೊಡೆದುಕೊಂಡು ಹೋದರೆ, ಪಕ್ಕದವನ ಬದುವು ಒಡೆಯುವುದರಲ್ಲಿ ಆಶ್ಚರ್ಯವೇನು? ನಾನು ತಿಂಗಳುಗಟ್ಟಲೆ ಮಾಡುತ್ತಿದ್ದುದು ಅದನ್ನೇ.

ಪರಿಹಾರಕ್ಕೆ ಹಿಡಿದದ್ದು ಹತ್ತು ನಿಮಿಷ. ನನ್ನದು ವಿಂಡೋಸ್ 11 ಇರುವ ಯಂತ್ರ. ಅದರ ಸೆಟ್ಟಿಂಗ್ಸಿನಲ್ಲಿ ಬ್ಲೂಟೂತ್ ಮತ್ತು ಡಿವೈಸಸ್ ಎಂಬಲ್ಲಿಗೆ ಹೋಗಿ ಟಚ್‌ಪ್ಯಾಡ್ ಎಂಬುದನ್ನು ತೆರೆದರೆ, ಟ್ಯಾಪ್ಸ್ ಎಂಬ ಭಾಗ ಸಿಗುತ್ತದೆ. ಅಲ್ಲಿ ಎರಡು ಸಲ ತಟ್ಟಿ ಎಳೆಯುವ ಸೌಕರ್ಯಕ್ಕೆ ಇರುವ ಗುರುತನ್ನು ಅವನು ತೆಗೆದುಹಾಕಿದನು. ಕೆಳಗಿನ ಬಲಮೂಲೆ ಒತ್ತಿದರೆ ಬಲಗುಂಡಿಯಾಗುವ ಗುರುತನ್ನೂ ತೆಗೆದು, ಎರಡು ಬೆರಳುಗಳಿಂದ ಒಮ್ಮೆಗೇ ತಟ್ಟಿದರೆ ಆ ಪಟ್ಟಿ ತೆರೆಯುವಂತೆ ಉಳಿಸಿದನು. ಸೂಕ್ಷ್ಮತೆಯ ಪ್ರಮಾಣವನ್ನೂ ಒಂದು ಮೆಟ್ಟಿಲು ಇಳಿಸಿದನು. ಅದರಿಂದ ಬರೆಯುವಾಗ ಅಂಗೈ ತಾಗಿ ಬಾಣ ಹಾರುವುದು ಕಡಿಮೆಯಾಯಿತು.

ನಿಜವಾಗಿಯೂ ಎಳೆಯಬೇಕಾದಾಗ ಎಡಗೈ ಹೆಬ್ಬೆರಳಿನಿಂದ ಪ್ಯಾಡಿನ ಕೆಳಗಿನ ಎಡಭಾಗವನ್ನು ಸದ್ದಾಗುವವರೆಗೆ ಒತ್ತಿ ಹಿಡಿದು, ಬಲಗೈ ತೋರುಬೆರಳಿನಿಂದ ಸರಿಸಬೇಕು. ಹೀಗೆ ಎರಡು ಕೆಲಸಕ್ಕೆ ಮತ್ತೆ ಎರಡು ಅಂಗವಾದವು. ಅದೂ ಆಗದವರು ಎಳೆಯುವ ಗೊಡವೆಗೇ ಹೋಗಬೇಕಾಗಿಲ್ಲ. ಕಂಟ್ರೋಲ್ ಕೀಲಿಯೊಡನೆ ಎಕ್ಸ್ ಒತ್ತಿ ಎತ್ತಿಕೊಂಡು, ಬೇಕಾದಲ್ಲಿ ಕಂಟ್ರೋಲ್ ಕೀಲಿಯೊಡನೆ ವಿ ಒತ್ತಿ ಇಳಿಸಬಹುದು. ಎಳೆಯುತ್ತಿರುವಾಗ ತಪ್ಪಾಯಿತೆನಿಸಿದರೆ, ಬೆರಳೆತ್ತುವ ಮೊದಲು ಎಸ್ಕೇಪ್ ಕೀಲಿ ಒತ್ತಿದರೆ ವಸ್ತು ಇದ್ದಲ್ಲಿಯೇ ಉಳಿಯುತ್ತದೆ. ಎಳೆದಾದ ಮೇಲೆ ತಿಳಿದರೆ, ತಡಮಾಡದೆ ಕಂಟ್ರೋಲ್ ಕೀಲಿಯೊಡನೆ ಝಡ್ ಒತ್ತಿದರೆ ಅದು ಮರಳಿ ಬರುತ್ತದೆ. ಆಪಲ್ ಯಂತ್ರಗಳ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಮೂರು ಬೆರಳುಗಳಿಂದ ಎಳೆಯುವ ವ್ಯವಸ್ಥೆಯಿದೆ. ಅಲ್ಲಿಯೂ ಲಿನಕ್ಸ್ ಯಂತ್ರಗಳಲ್ಲಿಯೂ ಡ್ರ್ಯಾಗ್ ಲಾಕ್ ಎಂಬುದೊಂದುಂಟು. ಅದನ್ನು ಇಟ್ಟುಕೊಂಡರೆ ನಡುವೆ ಬೆರಳೆತ್ತಿದರೂ ಹಿಡಿತ ತಪ್ಪುವುದಿಲ್ಲ. ಇನ್ನೊಮ್ಮೆ ತಟ್ಟಿದಾಗ ಬಿಡುತ್ತದೆ. ಅರ್ಧ ದಾರಿಯಲ್ಲಿ ಹಿಡಿತ ಕಳೆದುಕೊಳ್ಳುವವರಿಗೆ ಅದು ಅನುಕೂಲ.

ಅವನು ಹೇಳಿದ ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿ ಸೇರಿಸುವುದು ಅಗತ್ಯ. ಪ್ಯಾಡು ತಾನಾಗಿ ಉಬ್ಬಿ ಮೇಲೆದ್ದು, ಗುಂಡಿ ಒತ್ತಲು ಬಾರದಂತಾದರೆ ಸೆಟ್ಟಿಂಗ್ಸಿನಲ್ಲಿ ಕಾರಣವನ್ನು ಹುಡುಕಬಾರದು. ಒಳಗಿನ ಬ್ಯಾಟರಿ ಊದಿಕೊಂಡಿರುವ ಸಂಭವ ಹೆಚ್ಚು, ಅದು ಬೆಂಕಿಗೂ ಕಾರಣವಾದೀತು. ಕೂಡಲೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಪ್ಯಾಡನ್ನು ಒತ್ತದೆ, ಬಲ್ಲವರಿಗೆ ಒಪ್ಪಿಸಬೇಕು. ಚಾರ್ಜರ್ ಹಚ್ಚಿದಾಗ ಮಾತ್ರ ಬಾಣ ಕುಣಿಯುತ್ತಿದ್ದರೆ, ದೋಷವು ಚಾರ್ಜರಿನಲ್ಲಿಯೋ ಗೋಡೆಯ ಸಾಕೆಟ್ಟಿನ ಅರ್ಥಿಂಗಿನಲ್ಲಿಯೋ ಇರಬಹುದು.

ಹಾಗಾದರೆ ನನ್ನ ಪ್ರಸಂಗದಲ್ಲಿ ದೋಷ ಯಾರದು? ಪ್ಯಾಡು ಕೆಟ್ಟಿರಲಿಲ್ಲ, ಬದಲಿಸಿದ್ದರೆ ಹೊಸದೂ ಹಾಗೆಯೇ ನಡೆಯುತ್ತಿತ್ತು. ನನ್ನ ಕೈ ನಡುಗುವುದು ನಿಜ, ಆದರೆ ಅದೇ ಕೈಯಿಂದ ಇಂದಿಗೂ ಈ ಲೇಖನವನ್ನು ಬರೆಯುತ್ತಿದ್ದೇನೆ. ಇಬ್ಬರ ನಡುವಣ ಒಪ್ಪಂದವೊಂದು ಸರಿಯಾಗಿರಲಿಲ್ಲ. ಆ ಒಪ್ಪಂದವನ್ನು ಬೇರೆಯವರ ಕೈಗೆ ತಕ್ಕಂತೆ ಯಾರೋ ಬರೆದಿಟ್ಟಿದ್ದರು. ನಾನು ಅದನ್ನು ಓದಿರಲಿಲ್ಲ, ತಿದ್ದಬಹುದೆಂದೂ ತಿಳಿದಿರಲಿಲ್ಲ. ವಯಸ್ಸಾದ ನಾವು ಒಂದು ಕೆಲಸ ಕೈಹತ್ತದಿದ್ದಾಗ ಯಂತ್ರವನ್ನು ಬಯ್ಯುತ್ತೇವೆ, ಇಲ್ಲವೆ ನಮ್ಮ ಮುಪ್ಪನ್ನು ಹಳಿದುಕೊಂಡು ಕೆಲಸವನ್ನೇ ಬಿಡುತ್ತೇವೆ. ಅದಕ್ಕೂ ಕೆಟ್ಟದ್ದೆಂದರೆ ಹತ್ತಿರವಿದ್ದ ಚಿಕ್ಕವರ ಮೇಲೆ ಹೊರಿಸುತ್ತೇವೆ, ಅವರು ತಿರುಗಿ ಹೇಳಲಾರರೆಂದು.

ಅಂದು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ, ಎಲ್ಲರ ಮುಂದೆ ಗದರಿಸಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಂಡೆನು. "ಫೋಲ್ಡರನ್ನು ಸರಿಸಿದವನು ನಾನು. ನೀನು ಅಂದೇ ಸರಿಯಾಗಿ ಹೇಳಿದ್ದೆ, ನಾನು ಕೇಳಲಿಲ್ಲ. ತಪ್ಪು ನನ್ನದು" ಎಂದೆನು. ಹುಡುಗನು ತಲೆಯೆತ್ತದೆ ರೊಟ್ಟಿ ಮುರಿಯುತ್ತಿದ್ದನು. ಸ್ವಲ್ಪ ಹೊತ್ತಿನ ಮೇಲೆ, "ಹಂಗಾದ್ರ ಈಗ ನಾ ಅದನ್ನ ಮುಟ್ಟಬಹುದೇನು?" ಎಂದು ಕೇಳಿದನು. ಅವನ ತಾಯಿ ಮುಖ ತಿರುಗಿಸಿ ಕಣ್ಣೊರಸಿಕೊಂಡಳು. ನನಗೆ ಉತ್ತರ ಕೊಡಲು ಕೊರಳು ಬಿಗಿದಿತ್ತು, ತಲೆಯಾಡಿಸಿದೆನು.

ಈಗ ಪ್ರತಿ ರವಿವಾರ ಅವನು ನನ್ನ ಪಕ್ಕದಲ್ಲಿ ಕುಳಿತು ಪದಕೋಶದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡುತ್ತಾನೆ. ಕೆಲವೊಮ್ಮೆ ಒಂದು ಮಾತಿನ ಅರ್ಥವನ್ನು ಕೇಳುತ್ತಾನೆ, ನಾನು ಹೇಳುತ್ತೇನೆ. ಮಾತುಗಳ ಸಂಖ್ಯೆ 2,000 ದಾಟಿದೆ. ನನ್ನ ಬೆರಳು ಮೊದಲಿನಂತೆಯೇ ನಡುಗುತ್ತದೆ, ಆದರೆ ಫೋಲ್ಡರುಗಳು ಇದ್ದಲ್ಲಿ ಇರುತ್ತವೆ. ವಾಚಕ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಇಂಥದೇನಾದರೂ ಕಾಣೆಯಾದರೆ, ಯಾರನ್ನಾದರೂ ಕರೆದು ಕೇಳುವುದಕ್ಕೆ ಮುನ್ನ ಒಮ್ಮೆ ಪಕ್ಕದ ಫೋಲ್ಡರನ್ನು ತೆರೆದು ನೋಡಬೇಕೆಂದು ನನ್ನ ವಿನಂತಿ.