ಬಾದಾಮಿಗಿಂತ ಮೊದಲು, ಬಾದಾಮಿಯ ನಂತರ

ಬಾಗಲಕೋಟೆ ಜಿಲ್ಲೆಯ ಎಂಟು ಊರುಗಳನ್ನು ಅಕಾರಾದಿಯಾಗಿ ಜೋಡಿಸಬೇಕು: ಬಾದಾಮಿ, ಹುನಗುಂದ, ಇಳಕಲ್, ಮುಧೋಳ, ಬಾಗಲಕೋಟೆ, ಜಮಖಂಡಿ, ಗುಳೇದಗುಡ್ಡ, ಬೀಳಗಿ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಮೊದಲ ಹೆಸರನ್ನೇ ಪಿವಟ್ ಮಾಡಿಕೊಳ್ಳುತ್ತಾನೆ. ಬಾದಾಮಿಗಿಂತ ಮೊದಲು ಬರುವ ಇಳಕಲ್, ಬಾಗಲಕೋಟೆ, ಜಮಖಂಡಿ, ಗುಳೇದಗುಡ್ಡ ಎಡಕ್ಕೆ. ಉಳಿದ ಮೂರು ಬಲಕ್ಕೆ. ಬಾದಾಮಿ ತನ್ನ ಜಾಗದಲ್ಲಿ ಕೂತಾಯಿತು, ಇನ್ನು ಕದಲುವುದಿಲ್ಲ. ಎರಡೂ ಗುಂಪುಗಳಿಗೆ ಮತ್ತೆ ಅದೇ ಉಪಚಾರ. ಗುಂಪಿನಲ್ಲಿ ಒಂದೇ ಹೆಸರು ಉಳಿದರೆ, ಅಥವಾ ಏನೂ ಉಳಿಯದಿದ್ದರೆ, ಅಲ್ಲಿಗೆ ನಿಲ್ಲಿಸಬೇಕು.

ಇದೇ ಕ್ವಿಕ್‌ಸಾರ್ಟ್. ಪೈಥಾನಿನಲ್ಲಿ ಐದಾರು ಸಾಲು ಸಾಕು. ರುಚಿ ಇರುವುದು ಫಂಕ್ಷನ್ ತನ್ನನ್ನೇ ಹೆಸರು ಹಿಡಿದು ಕರೆಯುವ ಸಾಲಿನಲ್ಲಿ. ಇನ್ನೂ ಬರೆದು ಮುಗಿಯದ ಫಂಕ್ಷನ್ನು ಚಿಕ್ಕ ಗುಂಪನ್ನು ಸರಿಯಾಗಿ ಜೋಡಿಸಿಕೊಡುತ್ತದೆಂದು ನಂಬಿಯೇ ಆ ಸಾಲು ಬರೆಯಬೇಕು. ಲೂಪಿನೊಳಗೆ ಲೂಪು ಹಾಕಿ ಪಳಗಿದ ಕೈಗೆ ಈ ನಂಬಿಕೆ ಸುಲಭಕ್ಕೆ ಬರುವುದಿಲ್ಲ.

ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್‌ಗೆ ಇದು ಹೊಳೆದದ್ದು 1959ರಲ್ಲಿ, ಮಾಸ್ಕೋದಲ್ಲಿ ಓದುತ್ತಿದ್ದಾಗ. ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಅನುವಾದಿಸುವ ಕೆಲಸ. ನಿಘಂಟು ಇದ್ದದ್ದು ಟೇಪಿನ ಮೇಲೆ. ವಾಕ್ಯದ ಪದಗಳನ್ನು ಮೊದಲೇ ಅಕಾರಾದಿ ಮಾಡಿಕೊಂಡರೆ ಟೇಪನ್ನು ಹಿಂದೆ ಮುಂದೆ ಓಡಿಸುವುದು ತಪ್ಪುತ್ತಿತ್ತು. ಆದರೆ ಅದನ್ನು ಚೊಕ್ಕವಾಗಿ ಬರೆಯಲು, ಫಂಕ್ಷನ್ ತನ್ನನ್ನೇ ಕರೆಯುವ ರಿಕರ್ಷನ್‌ಗೆ ಅವಕಾಶವಿದ್ದ ಆಲ್ಗಾಲ್ 60 ಭಾಷೆಯೇ ಬೇಕಾಯಿತು. 1961ರಲ್ಲಿ ಪ್ರಕಟವಾಯಿತು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಲ್ಯಾಬಿನಲ್ಲಿ ಕ್ವಿಕ್‌ಸಾರ್ಟಿಗೆ 5000ಕ್ಕೂ ಹೆಚ್ಚು ಸಂಖ್ಯೆ ಕೊಟ್ಟು, ಹಿಡಿದ ಸಮಯದ ಗ್ರಾಫ್ ಬಿಡಿಸುವ ಪ್ರಯೋಗವಿತ್ತು. ತುಂಟರು ಮೊದಲೇ ಜೋಡಿಸಿದ ಪಟ್ಟಿಯನ್ನೇ ಕೊಟ್ಟು ನೋಡಬೇಕು! ಅಡ್ಡಾದಿಡ್ಡಿಯಾಗಿದ್ದ 5000 ಸಂಖ್ಯೆಗಳಿಗೆ ಸರಾಸರಿ 70 ಸಾವಿರ ಹೋಲಿಕೆ ಸಾಕಾದರೆ, ಇಲ್ಲಿ ಸುಮಾರು 1.25 ಕೋಟಿ. ಪ್ರತಿ ಸಲವೂ ಒಂದು ಗುಂಪು ಖಾಲಿ, ಇನ್ನೊಂದರಲ್ಲಿ ಮಿಕ್ಕವೆಲ್ಲ. ಪೈಥಾನ್ ಅಂತೂ ಸಾವಿರ ಮೆಟ್ಟಿಲು ಇಳಿಯುವಷ್ಟರಲ್ಲೇ ಕೈಚೆಲ್ಲುತ್ತದೆ. ಪಿವಟ್ಟನ್ನು ಚೀಟಿ ಎತ್ತಿದಂತೆ ಆರಿಸಿದರೆ ಈ ಪೀಡೆ ಬಹುಮಟ್ಟಿಗೆ ತೊಲಗುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ಎಂಟು ಊರುಗಳ ಪಟ್ಟಿಯಲ್ಲಿ ಅದು ಕಾಣಲಿಲ್ಲ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ. ಯುನಿಕೋಡ್ ಅದನ್ನು ‘ಲ’ದ ಪಕ್ಕದಲ್ಲೇ ಕೂರಿಸಿದೆ. ಹಾಗಾಗಿ ನಿಘಂಟಿನಲ್ಲಿ ‘ಬಸವ’ದ ನಂತರ ಬರುವ ‘ಬಳೆ’, ಪೈಥಾನಿನಲ್ಲಿ ಅದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ಇದು ಕ್ವಿಕ್‌ಸಾರ್ಟಿನ ತಪ್ಪಲ್ಲ. ಯಾವುದು ಮೊದಲು ಎಂದು ಹೋಲಿಸುವ ಭಾಗವನ್ನಷ್ಟೇ ತಿದ್ದಿದರಾಯಿತು, ಉಳಿದ ಸಾಲುಗಳು ಇದ್ದಂತೆಯೇ ಇರಲಿ. ಕನ್ನಡ ಹೆಸರುಗಳ ಪಟ್ಟಿ ಮಾಡಿಸುವ ತಂತ್ರಾಂಶ ಬರೆಯುವವರು ಮೊದಲು ಇವೆರಡು ಪದಗಳನ್ನು ಕೊಟ್ಟು ಪರೀಕ್ಷಿಸಲಿ.