“ನಿಮ್ಮ ಹೆಸರು ಕೊಡಲೇ, ಸಾರ್?”

ನಿವೃತ್ತನಾಗಿ ಇಷ್ಟು ವರ್ಷಗಳಾದರೂ ಹಳೆಯ ವಿದ್ಯಾರ್ಥಿಗಳು ನನ್ನನ್ನು ಮರೆಯದಿರುವುದಕ್ಕೆ ನೌಕರಿಯ ಅರ್ಜಿಗಳೂ ಒಂದು ಕಾರಣ. ನಿಮ್ಮನ್ನು ಬಲ್ಲ ಇಬ್ಬರು ಜವಾಬ್ದಾರಿಯುತ ವ್ಯಕ್ತಿಗಳ ಹೆಸರು, ವಿಳಾಸ ಕೊಡಿ ಎಂದು ಅವುಗಳಲ್ಲಿ ಕೇಳಿರುತ್ತಾರೆ. ಆಗ ನನ್ನ ನೆನಪಾಗುತ್ತದೆ. ಮೊದಲ ನೌಕರಿ ಹುಡುಕುವವರದು ಸರಳ, ಗಟ್ಟಿಯಾಗಿಯೇ ಕೇಳುತ್ತಾರೆ. ಒಂದು ಕಡೆ ದುಡಿಯುತ್ತಲೇ ಇನ್ನೊಂದು ಕಡೆಗೆ ಅರ್ಜಿ ಹಾಕುವವರು ಮಾತ್ರ ದನಿ ತಗ್ಗಿಸುತ್ತಾರೆ.

ತಗ್ಗಿಸಲೇಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕುಗಳ ನೀರು ಕುಡಿದವನು ನಾನು. ಇಲ್ಲಿ ರೈಸ್‌ಮಿಲ್ಲಿನ ಲೆಕ್ಕ ಬರೆಯುವವರ ಭಾವನೇ ಶಾಲೆಯ ಕಾರ್ಯದರ್ಶಿಯಾಗಿರುತ್ತಾನೆ. ತಂಬಾಕು ಹರಾಜಿಗೆ ಬಂದವರು ಹೊಗೆಸೊಪ್ಪಿನ ಬೆಲೆಯ ಜೊತೆಗೆ ಊರಿನ ಸುದ್ದಿಯನ್ನೂ ಹೊತ್ತು ಹೋಗುತ್ತಾರೆ. ಕೆಲಸದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೈಲು ಹಿಡಿದು ಮೈಸೂರಿನ ಬಸ್ಸು ಹತ್ತಿದರೆ ಸಾಕು, ಸಂಜೆಯೊಳಗೆ ಯಜಮಾನರ ಕಿವಿ ತಲುಪಿರುತ್ತದೆ.

ನನ್ನ ಶಿಷ್ಯೆಯೊಬ್ಬಳು ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ತಂದೆ ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ. ಮೈಸೂರಿನ ಮತ್ತೊಂದು ಶಾಲೆಗೆ ಅರ್ಜಿ ಹಾಕಿ, ಈಗಿನ ಶಾಲೆಯನ್ನು ಸದ್ಯಕ್ಕೆ ವಿಚಾರಿಸಬೇಡಿರೆಂದು ಬಾಯಿಮಾತಿನಲ್ಲಿ ವಿನಂತಿಸಿಕೊಂಡಿದ್ದಳು. ಅಲ್ಲಿಯವರು ನೇರವಾಗಿ ಇವಳ ಮುಖ್ಯೋಪಾಧ್ಯಾಯರಿಗೇ ಫೋನು ಮಾಡಿದರು. ವಾರದೊಳಗೆ ಇವಳ ತರಗತಿಗಳು ಬೇರೆಯವರ ಪಾಲಾದವು. ಸೇರುವಾಗ ಒಪ್ಪಿಸಿದ್ದ ಮೂಲ ಅಂಕಪಟ್ಟಿಗಳು ಆಡಳಿತ ಮಂಡಳಿಯ ಬೀರುವಿನಲ್ಲೇ ಉಳಿದವು. ಅವನ್ನು ಬಿಡಿಸಿಕೊಳ್ಳಲು ಮೂರು ತಿಂಗಳು ಅಲೆದಳು. ಅಷ್ಟರಲ್ಲಿ ಮೈಸೂರಿನ ಕೆಲಸವೂ ಇನ್ನೊಬ್ಬರಿಗಾಯಿತು. ಬಾಯಿಮಾತನ್ನು ನೆಚ್ಚಬಾರದು ಎಂದು ನಾನು ಶಿಷ್ಯರಿಗೆ ಹೇಳತೊಡಗಿದ್ದು ಆ ಮೇಲೆ.

ಈಗಿನ ಯಜಮಾನರ ಹೆಸರು ಕೊಡಬೇಡಿ. ಹಿಂದೆ ಕೆಲಸ ಮಾಡಿದ ಕಡೆಯ ಹಿರಿಯರನ್ನೋ, ಕಾಲೇಜಿನ ಅಧ್ಯಾಪಕರನ್ನೋ, ಯಾರೂ ಸಿಗದಿದ್ದರೆ ನನ್ನಂತಹ ಹಳೆಯ ಮೇಷ್ಟರನ್ನೋ ಕೇಳಿ. ಆದರೆ ಈಗಿನ ಕೆಲಸವನ್ನೇ ಮುಚ್ಚಿಡುವುದು ಬೇಡ. 2014ರಲ್ಲಿ ಭವಿಷ್ಯನಿಧಿಗೆ ಯು.ಎ.ಎನ್. ಸಂಖ್ಯೆ ಬಂದಂದಿನಿಂದ ಎಲ್ಲೆಲ್ಲಿ, ಎಷ್ಟು ಕಾಲ ದುಡಿದಿರೆಂಬುದು ಒಂದೇ ಕಡೆ ಸಿಗುವಂತಾಗಿದೆ. ಸೇವೆಯ ರುಜುವಾತಿಗೆ ಆ ಪಾಸ್‌ಬುಕ್ಕು, ಸಂಬಳದ ಚೀಟಿ ತೋರಿಸಬಹುದು. ಈಗಿನ ಸಂಸ್ಥೆಯನ್ನು ನೇಮಕಾತಿಯ ಪತ್ರ ಕೊಟ್ಟ ನಂತರವೇ ಸಂಪರ್ಕಿಸಬೇಕೆಂದು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಬರೆದದ್ದನ್ನು ಕಚೇರಿಯ ಕಂಪ್ಯೂಟರಿನಿಂದ ಕಳುಹಿಸುವ ಬುದ್ಧಿವಂತರೂ ಇದ್ದಾರೆ!

ಸರ್ಕಾರಿ ನೌಕರರಿಗೆ ಈ ಯಾವ ಉಪದೇಶವೂ ಸಲ್ಲದು. ಅಲ್ಲಿ ಗುಟ್ಟು ಮಾಡುವುದೇ ಅಪಾಯ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಕೂರುವ ಸರ್ಕಾರಿ ನೌಕರನು ತನ್ನ ಕಚೇರಿಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿದ್ದೇನೆಂದು ಮುಚ್ಚಳಿಕೆ ಕೊಡಬೇಕು. ನಮ್ಮ ರಾಜ್ಯದಲ್ಲೂ ನಿರಾಕ್ಷೇಪಣಾ ಪತ್ರ ಪಡೆದು, ಅನುಮತಿಯೊಂದಿಗೆ ಇನ್ನೊಂದು ಸರ್ಕಾರಿ ಹುದ್ದೆಗೆ ಹೋದವನಿಗೆ ಹಿಂದಿನ ಸೇವೆ ಉಳಿಯುತ್ತದೆ. ಹೇಳದೆ ಕೇಳದೆ ರಾಜೀನಾಮೆ ಬಿಸಾಡಿ ಹೋದವನು ಅದನ್ನು ಕಳೆದುಕೊಳ್ಳುತ್ತಾನೆ. ಖಾಸಗಿಯಲ್ಲಿರುವ ಅಣ್ಣನ ಮಾತು ಕೇಳಿ ಸರ್ಕಾರಿ ತಮ್ಮ ಬಾಯಿ ಮುಚ್ಚಿಕೊಂಡರೆ ಆಗುವುದು ಇದೇ.

ಇನ್ನು ಹೆಸರು ಕೊಟ್ಟವನ ಕರ್ತವ್ಯ. ನನ್ನನ್ನು ಮೊದಲೇ ಕೇಳಬೇಕು. ಕೆಲಸ ಯಾವುದು, ವಿಚಾರಿಸುವವರು ಯಾರು ಎಂದು ತಿಳಿಸಬೇಕು. ಒಳ್ಳೆಯ ಮಾತು ಹೇಳಲಾರೆನೆಂದು ಅನಿಸಿದರೆ ನಾನು ಆಗಲೇ ಹೇಳಿಬಿಡುತ್ತೇನೆ. ಒಬ್ಬನಿಗೆ ಹಾಗೆ ಹೇಳಿದ್ದೂ ಉಂಟು. ಅವನು ಎರಡು ವರ್ಷ ನನ್ನ ಮನೆಯ ಕಡೆ ತಲೆ ಹಾಕಲಿಲ್ಲ. ಅರೆಮನಸ್ಸಿನ ಪ್ರಶಂಸೆಯಿಂದ ಅವನಿಗೆ ಹೆಚ್ಚು ಹಾನಿಯಾಗುತ್ತಿತ್ತೆಂದೇ ಈಗಲೂ ನನ್ನ ಅಭಿಪ್ರಾಯ.

ಕಷ್ಟವಿರುವುದು ಮೌನದಲ್ಲಿ. ಸುಳ್ಳು ಹೇಳುವಂತಿಲ್ಲ. ಬೇರೆ ದಿನಗಳಲ್ಲಿ ಎಲ್ಲರ ಸುದ್ದಿಯನ್ನೂ ಹರಟುತ್ತಿದ್ದು, ಒಬ್ಬಳ ಹೆಸರು ಬಂದಾಗ ಮಾತ್ರ ಬಾಯಿ ಹೊಲಿದುಕೊಂಡರೆ ಆ ಮೌನವೇ ಎಲ್ಲವನ್ನೂ ಹೇಳಿಬಿಡುತ್ತದೆ. ಆದ್ದರಿಂದ ಯಾವ ಶಿಷ್ಯರ ನೌಕರಿಯ ವಿಷಯವನ್ನೂ, ಮುಚ್ಚಿಡುವಂತಹದು ಏನೂ ಇಲ್ಲದಿದ್ದಾಗಲೂ, ನಾನು ಆಡುವುದಿಲ್ಲ. ಬಂಧುಗಳು ಇದನ್ನು ಬಿಗುಮಾನವೆಂದು ತಿಳಿದಿದ್ದಾರೆ. ತಿಳಿಯಲಿ.

ಒಮ್ಮೆ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಶಾಲೆಯೊಂದರ ಕಾರ್ಯದರ್ಶಿ ಎದುರಾದರು. ಅವರ ಶಾಲೆಯಲ್ಲಿದ್ದ ನನ್ನ ಇನ್ನೊಬ್ಬ ಶಿಷ್ಯೆ ನನ್ನ ಹೆಸರು ಕೊಟ್ಟು ಹದಿನೈದು ದಿನಗಳಾಗಿದ್ದವಷ್ಟೆ.

“ಮೇಷ್ಟ್ರೇ, ನಿಮ್ಮ ಹುಡುಗಿ ಎಲ್ಲಿಗೋ ಹೊರಟಂತಿದೆ?”

“ಶಿಷ್ಯರ ನೌಕರಿಯ ವಿಷಯ ನಾನು ಆಡುವವನಲ್ಲ, ನಿಮಗೆ ಗೊತ್ತಲ್ಲ.”

“ಗೊತ್ತು ಬಿಡಿ, ನೀವು ಯಾವತ್ತೂ ಹಾಗೇನೇ” ಎಂದು ನಕ್ಕು, ತಾವು ಬೆಲೆ ಕಟ್ಟುತ್ತಿದ್ದ ಹಳ್ಳಿಕಾರ್ ಜೋಡಿಯನ್ನು ನೋಡಲು ನನ್ನನ್ನು ಕರೆದೊಯ್ದರು. ಒಳ್ಳೆಯ ಎತ್ತುಗಳು; ಬೆಲೆ ಮಾತ್ರ ಕುದುರಲಿಲ್ಲ.